ಮಲಗೋಕೆ ಆಗುತ್ತಾ? ಆಗಲ್ಲ ಅಂದ್ರೆ ಅದೂ ಎಕಾನಮಿನೇ!

ನಮಸ್ಕಾರ, ಬನ್ನಿ. ಇವತ್ತು ಕ್ರೆಡಿಟ್ ಕಾರ್ಡ್ ಮೈಲ್ಸ್, ಅಂದ್ರೆ ವಿಮಾನದ ಟಿಕೆಟ್‌ಗೆ ಬಳಸೋ ಪಾಯಿಂಟ್ಸ್, ಅದರ ಬಗ್ಗೆ ಮಾತಾಡ್ತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು. ಯಾಕಂದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ, ಓದ್ತೀನಿ ಕೇಳಿ: "ಬಿಸಿನೆಸ್ ಕ್ಲಾಸ್ ಬರೀ ದುಡ್ಡಿನ ದಂಡ. ಅಪ್ಪ ಅಮ್ಮಂಗೆ ಪ್ರೀಮಿಯಂ ಎಕಾನಮಿ ಮಾಡಿಸಿ. ಅರ್ಧ ದುಡ್ಡಲ್ಲಿ ಮುಕ್ಕಾಲು ಸುಖ." ಅದರ ಕೆಳಗೆ ಸಾಲಾಗಿ "ಕರೆಕ್ಟಾಗಿ ಹೇಳಿದ್ರಿ", "ನಾವೂ ಹಂಗೇ ಮಾಡ್ಸಿದ್ವಿ" ಅಂತ ಜನ ಬೆನ್ನು ತಟ್ಟಿದ್ದಾರೆ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಪ್ರೀಮಿಯಂ ಎಕಾನಮಿ ಅಂದ್ರೆ ವಿಮಾನದಲ್ಲಿ ಸಾಮಾನ್ಯ ಎಕಾನಮಿಗೂ ಬಿಸಿನೆಸ್‌ಗೂ ಮಧ್ಯದ ದರ್ಜೆ. ಈ ಕಾಮೆಂಟ್ ಓದಿ ನಂಗೆ ಸಿಟ್ಟು ಬಂತು. ಯಾಕಂದ್ರೆ ಈ ಮಾತು ನಂಬ್ಕೊಂಡು ಅರವತ್ತೈದು ವರ್ಷದ ಅಮ್ಮಂದಿರು ಹದಿನಾರು ಗಂಟೆ ಕೂತ್ಕೊಂಡು ಹೋಗ್ತಾ ಇದ್ದಾರೆ. ಕೂತ್ಕೊಂಡು! ಮಗ ಮಾತ್ರ ಇಲ್ಲಿ "ಅಮ್ಮಂಗೆ ಒಳ್ಳೇ ಸೀಟು ಮಾಡಿಸಿದೀನಿ" ಅಂತ ನೆಮ್ಮದಿಯಾಗಿದ್ದಾನೆ.

ಹಾಗಾಗಿ ಇವತ್ತು ಒಂದೇ ಪ್ರಶ್ನೆ. ರಾತ್ರಿಯಿಡೀ ಹಾರೋ ವಿಮಾನದಲ್ಲಿ ದುಡ್ಡು ಜಾಸ್ತಿ ಕೊಡೋಕೆ ಮುಂಚೆ ಕೇಳಬೇಕಾದ ಪ್ರಶ್ನೆ: ಮಲಗೋಕೆ ಆಗುತ್ತಾ? ಒರಗೋಕಲ್ಲ, ಜಾರ್ಕೊಂಡು ಕೂರೋಕಲ್ಲ. ಬೆನ್ನು, ಸೊಂಟ, ಕಾಲು ಒಂದೇ ಮಟ್ಟದಲ್ಲಿ ಇಟ್ಟು ಮಲಗೋಕೆ.

ಈಗ ಲೆಕ್ಕ ನೋಡೋಣ. ಎಕಾನಮಿಯಲ್ಲಿ ನಿಮ್ಮ ಸೀಟಿಂದ ಮುಂದಿನ ಸೀಟಿಗೆ ಸಾಮಾನ್ಯವಾಗಿ 31, 32 ಇಂಚು. ಪ್ರೀಮಿಯಂ ಎಕಾನಮಿಯಲ್ಲಿ 38 ಇಂಚಿನ ಆಸುಪಾಸು. ಎಮಿರೇಟ್ಸ್‌ದು ಇರೋದ್ರಲ್ಲಿ ಚೆನ್ನಾಗಿದೆ ಅಂತಾರೆ: 40 ಇಂಚು ಜಾಗ, 19.5 ಇಂಚು ಅಗಲ, ಹಿಂದಕ್ಕೆ ಬಾಗೋದು 8 ಇಂಚು. ಎಂಟೇ ಇಂಚು! ಬಿಸಿನೆಸ್‌ನಲ್ಲಿ ಸೀಟು ಪೂರ್ತಿ ಬಿಚ್ಕೊಂಡ್ರೆ ಆರೂಕಾಲು, ಆರೂವರೆ ಅಡಿ ಹಾಸಿಗೆ ಆಗುತ್ತೆ. ಎಂಟು ಇಂಚೆಲ್ಲಿ, ಆರೂವರೆ ಅಡಿ ಎಲ್ಲಿ? ಇದರಲ್ಲಿ ಮುಕ್ಕಾಲು ಸುಖ ಎಲ್ಲಿಂದ ಬಂತು?

ನಮ್ಮೂರ ಬಸ್ಸಿನ ಭಾಷೆಯಲ್ಲೇ ಹೇಳ್ತೀನಿ. ಕೆಎಸ್‌ಆರ್‌ಟಿಸಿ ಐರಾವತದಲ್ಲೂ ಸೀಟು ಹಿಂದಕ್ಕೆ ಹೋಗುತ್ತೆ, ಕಾಲಿಗೆ ಆಸರೆ ಇರುತ್ತೆ, ಎಸಿ ಇರುತ್ತೆ. ಅಂಬಾರಿ ಸ್ಲೀಪರ್‌ನಲ್ಲಿ ನೀವು ಕಾಲು ಚಾಚಿ ಮಲಗ್ತೀರಿ. ಬೆಂಗಳೂರಿಂದ ಮಂಗಳೂರಿಗೆ ರಾತ್ರಿ ಹೋಗಿರೋ ಯಾರಾದ್ರೂ "ಎರಡೂ ಹೆಚ್ಚುಕಮ್ಮಿ ಒಂದೇ" ಅಂತಾರಾ? ಅದು ಏಳೆಂಟು ಗಂಟೆ ಪ್ರಯಾಣ. ಇಲ್ಲಿ ನಾವು ಮಾತಾಡ್ತಿರೋದು ಅದರ ಎರಡರಷ್ಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಶುರು ಮಾಡ್ತಲ್ಲ, ಪೂರ್ತಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸ್ಕೊಂಡು ಬಂದ್ರಲ್ಲ, ಹೆಮ್ಮೆಯ ವಿಷಯ. ಅದು ಸುಮಾರು 14,000 ಕಿಲೋಮೀಟರ್, ಹೆಚ್ಚುಕಮ್ಮಿ 17 ಗಂಟೆ.

ಪ್ರೀಮಿಯಂ ಎಕಾನಮಿ ಹುಟ್ಟಿದ್ದು ಹೇಗೆ ಅಂತ ಗೊತ್ತಿದ್ರೆ ಈ ಗೊಂದಲನೇ ಇರಲ್ಲ. 1990ರ ದಶಕದ ಶುರುವಿನಲ್ಲಿ ತೈವಾನಿನ ಇವಿಎ ಏರ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಇದನ್ನ ತಂದ್ರು. ಆಗ ಬಿಸಿನೆಸ್ ಕ್ಲಾಸ್‌ನಲ್ಲೂ ಹಾಸಿಗೆ ಇರಲಿಲ್ಲ, ಅಲ್ಲೂ ದೊಡ್ಡ ಒರಗೋ ಕುರ್ಚಿನೇ. ಹಂಗಾಗಿ ಮಧ್ಯದ್ದೊಂದು ದರ್ಜೆ ಅಂದ್ರೆ ಅರ್ಥ ಇತ್ತು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್‌ನಲ್ಲಿ ಪೂರ್ತಿ ಚಪ್ಪಟೆ ಹಾಸಿಗೆ ಹಾಕ್ತು. ಆಮೇಲೆ ಒಬ್ಬೊಬ್ರಾಗಿ ಹೆಚ್ಚುಕಮ್ಮಿ ಎಲ್ರೂ ಹಾಕಿದ್ರು. ಅಲ್ಲಿಗೆ ಮುಗೀತು. ಅವತ್ತಿಂದ ವಿಮಾನದಲ್ಲಿ ಇರೋದು ಎರಡೇ ಜಾತಿ ಸೀಟು: ಮಲಗೋದು, ಕೂರೋದು. ಪ್ರೀಮಿಯಂ ಎಕಾನಮಿ ಕೂರೋದು.

"ಊಟ ಚೆನ್ನಾಗಿರುತ್ತೆ, ಪಿಂಗಾಣಿ ತಟ್ಟೇಲಿ ಕೊಡ್ತಾರೆ" ಅಂತೀರಿ. ಅಯ್ಯೋ, ನಿಮ್ಮಮ್ಮ ಆ ಊಟದಲ್ಲಿ ತಿನ್ನೋದು ಮೊಸರು, ಹಣ್ಣು. ತಟ್ಟೆ ಯಾವುದಾದ್ರೇನು? "ಮೊದಲು ಹತ್ತಿಸ್ತಾರೆ." ಮೊದಲು ಹತ್ತಿದ್ರೆ ಅರ್ಧ ಗಂಟೆ ಜಾಸ್ತಿ ಕೂರೋದು, ಅಷ್ಟೇ.

ಒಂದು ವಿಷಯ ಬಿಚ್ಚಿ ಹೇಳ್ಬೇಕು. ನಮ್ಮ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಅಂತ ಅಮೆರಿಕಾಗೆ ಹೊರಟಿದ್ರು, ನಾನೂ ಅದೇ ವಿಮಾನದಲ್ಲಿದ್ದೆ. ಪ್ರೀಮಿಯಂ ಎಕಾನಮಿ. ಯಾವ ಏರ್‌ಲೈನ್ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಮೊದಲ ನಾಲ್ಕು ಗಂಟೆ ಖುಷಿಯಾಗಿದ್ರು. ದೀಪ ಆರಿಸಿದ ಮೇಲೆ ಶುರುವಾಯ್ತು. ಸೀಟು ಹಿಂದಕ್ಕೆ ಹಾಕಿ ಕಾಲಾಸರೆ ಮೇಲೆತ್ತಿದ್ರೆ ಮೈ ಮುಂದಕ್ಕೆ ಜಾರುತ್ತೆ. ರೇಷ್ಮೆ ಮಿಶ್ರದ ಸೀರೆ ಬೇರೆ, ಇನ್ನೂ ಜಾರುತ್ತೆ. ಜಾರಿದಾಗೆಲ್ಲ ಎರಡೂ ಕೈ ಊರಿ ಮೇಲೆ ಬರ್ತಾರೆ. ಕಾಲಾಸರೆ ಮೀನಖಂಡದ ಹತ್ರನೇ ಮುಗಿದುಹೋಗುತ್ತೆ, ಪಾದ ಗಾಳೀಲಿ. ಬೆನ್ನಿಗೆ ಶಾಲು ಸುತ್ತಿ ಇಟ್ಕೊಂಡ್ರು, ಆಮೇಲೆ ಅದನ್ನ ಕತ್ತಿಗೆ ಇಟ್ಕೊಂಡ್ರು, ಆಮೇಲೆ ಸುಮ್ನೆ ಎದ್ದು ಕೂತು ಜಪ ಮಾಡ್ಕೊಂಡ್ರು. ಇಳಿಯೋವಾಗ ಪಾದ ಬಾತು ಚಪ್ಪಲಿಯ ಹಿಂದಿನ ಪಟ್ಟಿ ಹಾಕ್ಕೊಳ್ಳೋಕೆ ಆಗಲಿಲ್ಲ. ಹಿಮ್ಮಡಿ ಹೊರಗಿಟ್ಟೇ ಇಮಿಗ್ರೇಷನ್ ಸಾಲಲ್ಲಿ ನಿಂತ್ರು. ಮಾರನೇ ದಿನದಿಂದ ಬಾಣಂತಿಗೆ ನೀರು ಹಾಕಬೇಕಾದ ಹೆಂಗಸು ಅವರು. ಇದು ನಿಮ್ಮ ಮುಕ್ಕಾಲು ಸುಖ.

ಇನ್ನೊಂದು. ಭಾರತದಿಂದ ಹೊರಡೋ ಟಿಕೆಟ್ ಮೇಲೆ ಜಿಎಸ್‌ಟಿ ಎಕಾನಮಿಗೆ 5%. 2025ರ ಸೆಪ್ಟೆಂಬರ್ 22ರಿಂದ ಉಳಿದ ದರ್ಜೆಗಳಿಗೆಲ್ಲ 12% ಇದ್ದದ್ದು 18% ಆಗಿದೆ. ಉಳಿದ ದರ್ಜೆ ಅಂದ್ರೆ ಬಿಸಿನೆಸ್, ಫಸ್ಟ್ ಮಾತ್ರ ಅಲ್ಲ, ಪ್ರೀಮಿಯಂ ಎಕಾನಮಿನೂ ಸೇರ್ತು. ತೆರಿಗೆ ಕಟ್ಟೋವಾಗ ಬಿಸಿನೆಸ್ ಜೊತೆ, ರಾತ್ರಿ ಕಳೆಯೋವಾಗ ಎಕಾನಮಿ ಜೊತೆ. ಇದಕ್ಕೆ ನೀವು ಜಾಣತನ ಅಂತೀರಾ?

ಈ ಕಡೆ ಬಿಸಿನೆಸ್ ಅಂತ ಕಣ್ಮುಚ್ಚಿ ಮಾಡಿಸೋರಿಗೂ ಹೇಳ್ತೀನಿ. ಅಲ್ಲೂ ಅದೇ ಪ್ರಶ್ನೆ ಕೇಳಿ. ವಿಮಾನ ಯಾವುದು? ಸೀಟ್ ಮ್ಯಾಪ್, ಅಂದ್ರೆ ಯಾವ ಸೀಟು ಎಲ್ಲಿದೆ ಅನ್ನೋ ಚಿತ್ರ, ತೆಗೀರಿ. 1-2-1 ಅಂತಿದ್ರೆ, ಅಂದ್ರೆ ಸಾಲಲ್ಲಿ ಎರಡೂ ಕಿಟಕಿ ಕಡೆ ಒಂದೊಂದು, ಮಧ್ಯೆ ಎರಡು ಸೀಟಿದ್ರೆ, ಎಲ್ರಿಗೂ ಓಡಾಡೋ ದಾರಿಗೆ ನೇರ ಜಾಗ ಇದೆ. 2-3-2 ಅಂತಿದ್ರೆ ಮಧ್ಯದಲ್ಲಿ ಒಬ್ರು ಸಿಕ್ಕಿಹಾಕ್ಕೊಂಡಿರ್ತಾರೆ, ಶೌಚಾಲಯಕ್ಕೆ ಹೋಗ್ಬೇಕಂದ್ರೆ ಪಕ್ಕದಲ್ಲಿ ಮಲಗಿರೋರ ಕಾಲು ದಾಟಬೇಕು. ಎಮಿರೇಟ್ಸ್‌ನ ಹಳೇ ವಿನ್ಯಾಸದ ಬೋಯಿಂಗ್ 777 ವಿಮಾನ, ಏರ್ ಇಂಡಿಯಾದ ಹಳೇ 777, ಎರಡೂ 2-3-2. ಅದೇ ಎಮಿರೇಟ್ಸ್‌ನ ಏರ್‌ಬಸ್ ಎ380 ವಿಮಾನದ ಮೇಲ್ಮಹಡಿ 1-2-1. ಅದೇ ಏರ್ ಇಂಡಿಯಾದ ಏರ್‌ಬಸ್ ಎ350 ಕೂಡ 1-2-1, ಸೀಟಿಗೊಂದು ಬಾಗಿಲು ಸಮೇತ. ಕಂಪನಿ ಒಂದೇ, ದರ್ಜೆ ಒಂದೇ, ರಾತ್ರಿ ಬೇರೆ ಬೇರೆ. ಸೀಟ್ ಮ್ಯಾಪ್ ಓದೋದು ಹೇಗೆ ಅಂತ ಒಂದು ಪೂರ್ತಿ ವಿಡಿಯೋ ಮಾಡಿದೀನಿ, ಲಿಂಕ್ ಕೆಳಗಿದೆ, ಅದಕ್ಕೆ ತುಂಬಾ ಕಷ್ಟ ಪಟ್ಟಿದೀನಿ, ದಯವಿಟ್ಟು ನೋಡಿ.

ಬಾಗಿಲು ಅಂದ ತಕ್ಷಣ ನೆನಪಾಯ್ತು. ಕತಾರ್‌ನ ಬಾಗಿಲಿರೋ ಬಿಸಿನೆಸ್ ಸೀಟು ಕ್ಯೂಸೂಟ್ 2017ರಲ್ಲಿ ಬಂತು, ಬ್ರಿಟಿಷ್ ಏರ್‌ವೇಸ್‌ನ ಕ್ಲಬ್ ಸೂಟ್ 2019ರಲ್ಲಿ. ಅಲ್ಲಿಂದ ಬಾಗಿಲಿನ ಹುಚ್ಚು. ಬಾಗಿಲಿದ್ರೆ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಬಾಗಿಲಿಗೋಸ್ಕರ ಇಪ್ಪತ್ತು ಸಾವಿರ ಜಾಸ್ತಿ ಕೊಡ್ಬೇಡಿ. ಮಲಗಿದಾಗ ಕಾಲಿಡೋ ಗೂಡು ಎಷ್ಟು ಕಿರಿದು ಅಂತ ನೋಡಿ. ಎಷ್ಟೋ ವಿಮಾನದಲ್ಲಿ ಎಲ್ಲಕ್ಕಿಂತ ಮುಂದಿನ ಸಾಲಿನ ಸೀಟಿಗೆ ಆ ಗೂಡು ದೊಡ್ಡದಿರುತ್ತೆ. ಫಸ್ಟ್ ಕ್ಲಾಸ್? ಎಮಿರೇಟ್ಸ್ ಎ380ಯಲ್ಲಿ ಸ್ನಾನ ಮಾಡ್ಬಹುದು. ಮಾಡಿ. ಮುಂದೆ ಹೋಗೋಣ.

"ಎಲ್ರ ಹತ್ರ ಬಿಸಿನೆಸ್‌ಗೆ ದುಡ್ಡಿರಲ್ಲ." ಇದೊಂದೇ ನ್ಯಾಯವಾದ ಮಾತು, ಇದಕ್ಕೆ ಉತ್ತರ ಇದೆ. ಪೂರ್ತಿ ಪ್ರಯಾಣಕ್ಕೆ ಯಾಕೆ ಕೊಡ್ತೀರಿ? ಬೆಂಗಳೂರಿಂದ ದುಬೈ ನಾಲ್ಕು ಗಂಟೆ, ಅದು ಎಕಾನಮೀಲಿ ಇರಲಿ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 16 ಗಂಟೆ, ಹಾಸಿಗೆಯ ದುಡ್ಡು ಅಲ್ಲಿ ಹಾಕಿ. ಆ ಒಂದು ಹಾರಾಟಕ್ಕೆ ಮೈಲ್ಸ್‌ನಲ್ಲಿ ಅಪ್‌ಗ್ರೇಡ್ ಸಿಗುತ್ತಾ ನೋಡಿ, ಅಪ್‌ಗ್ರೇಡ್‌ಗೆ ಎಷ್ಟು ಕೊಡ್ತೀರಿ ಅಂತ ಏರ್‌ಲೈನ್‌ನವರು ಬಿಡ್ ಕೇಳಿ ಮೇಲ್ ಕಳಿಸಿದ್ರೆ ಬಿಡ್ ಮಾಡಿ, ಟ್ರಾವೆಲ್ ಏಜೆಂಟ್‌ಗೆ ಒಂದು ಹಾರಾಟ ಎಕಾನಮಿ, ಒಂದು ಬಿಸಿನೆಸ್ ಅಂತ ಬಾಯ್ಬಿಟ್ಟು ಕೇಳಿ. ಕೇಳದೇ ಇದ್ರೆ ಅವರಾಗಿ ಹೇಳಲ್ಲ.

ಅದೂ ಆಗಲ್ವಾ? ಎಕಾನಮಿ ಮಾಡಿಸಿ. ಹೌದು, ಎಕಾನಮಿ! ದಾರಿ ಪಕ್ಕದ ಸೀಟು ದುಡ್ಡು ಕೊಟ್ಟು ಹಿಡೀರಿ. ಪ್ರೀಮಿಯಂ ಎಕಾನಮಿಗೆ ಸುರಿಯೋ ದುಡ್ಡು ಉಳೀತಲ್ಲ, ಅದರಲ್ಲಿ ಮಧ್ಯದಲ್ಲಿ ಒಂದು ಹಾಸಿಗೆ ತಗೊಳ್ಳಿ. ದೋಹಾ ವಿಮಾನ ನಿಲ್ದಾಣದ ಒಳಗೇ ಹೋಟೆಲ್ ಇದೆ, ದುಬೈಯಲ್ಲೂ ಇದೆ. ನಿಲ್ದಾಣದಿಂದ ಹೊರಗೆ ಹೋಗೋದೇ ಬೇಡ. ಎಂಟು ಗಂಟೆ ಬಿಡುವು ಇರೋ ಸಂಪರ್ಕ ಹಿಡಿದು ಅಪ್ಪ ಅಮ್ಮನ್ನ ನಿಜವಾದ ಮಂಚದ ಮೇಲೆ ಮಲಗಿಸಿ. ಹಾಸಿಗೆ ಆಕಾಶದಲ್ಲಿ ಸಿಗದಿದ್ರೆ ನೆಲದ ಮೇಲೆ ಕೊಳ್ಳಿ. ಕುರ್ಚಿಗೆ ಮಾತ್ರ ದುಡ್ಡು ಸುರೀಬೇಡಿ.

"ಮಲಗಿದ್ರೂ ವಯಸ್ಸಾದವರಿಗೆ ವಿಮಾನದಲ್ಲಿ ನಿದ್ದೆ ಬರಲ್ಲ ಬಿಡಿ." ನಿದ್ದೆ ಬರದಿದ್ರೆ ಬೇಡ! ಸೊಂಟ ನೆಟ್ಟಗಾಗುತ್ತಲ್ಲ, ಕಾಲು ಮೇಲೆ ಬರುತ್ತಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅಲುಗಾಡದೇ ಕೂತ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಯಾವ ದರ್ಜೆಯಲ್ಲಾದ್ರೂ ಎದ್ದು ಓಡಾಡ್ಲೇಬೇಕು. ಪಕ್ಕದವರನ್ನ ಎಬ್ಬಿಸದೇ ಎದ್ದು ಹೋಗೋ ಸೀಟಿದ್ರೆ ತಾನೇ ನಿಮ್ಮಮ್ಮ ಏಳೋದು? ಎಬ್ಬಿಸ್ಬೇಕು ಅಂದ್ರೆ "ಪಾಪ, ಮಲಗಿದಾರೆ" ಅಂತ ಬೆಳಗಿನವರೆಗೂ ತಡ್ಕೊಂಡು ಕೂತಿರ್ತಾರೆ. ನಿಮ್ಮಮ್ಮ ಹೇಗೆ ಅಂತ ನಿಮಗೆ ಗೊತ್ತು.

ಇನ್ನೇನು ಕಾರಣ ಬೇಕು? "ಅನ್ಯಾಯ ಮಾತಾಡ್ಬೇಡಿ, ನಾವು ಹೋಗಿದ್ವಿ, ಚೆನ್ನಾಗೇ ಇತ್ತು." ನಿಮಗೆ ಮೂವತ್ತೆರಡು ವರ್ಷ ಸ್ವಾಮಿ! ನೀವು ನಿಂತ್ಕೊಂಡೂ ಹೋಗ್ಬಹುದು. ನಾನು ಕೇಳ್ತಿರೋದು ನಿಮ್ಮಪ್ಪನ ಬಗ್ಗೆ. ಮಲಗೋಕೆ ಆಗುತ್ತಾ? ಆಗಲ್ಲ. ಮುಗೀತು. ಮಲಗೋಕೆ ಆಗಲ್ಲ ಅಂದ್ರೆ ಅದು ಎಕಾನಮಿನೇ, ಪರದೆ ಎಲ್ಲಿ ಬೇಕಾದ್ರೂ ಕಟ್ಕೊಳ್ಳಿ.

ಸರಿ. ಚಾನೆಲ್ ಮೆಂಬರ್ ಆಗಿರೋರಿಗೆ ಭಾನುವಾರ ರಾತ್ರಿ ಲೈವ್ ಇದೆ. ಅಪ್ಪ ಅಮ್ಮಂಗೆ ಟಿಕೆಟ್ ಮಾಡಿಸೋರು ವಿಮಾನ ಯಾವುದು, ತಾರೀಖು ಯಾವುದು, ಸೀಟ್ ಮ್ಯಾಪ್‌ದೊಂದು ಚಿತ್ರ, ಇಷ್ಟು ಕಳಿಸಿ. ಒಂದೊಂದಾಗಿ ನೋಡಿ ಯಾವ ಸಾಲು, ಯಾವ ಸೀಟು ಅಂತ ಹೇಳ್ತೀನಿ. ಮೊಣಕಾಲು ನೋವಿದ್ರೆ, ಸಕ್ಕರೆ ಕಾಯಿಲೆ ಇದ್ರೆ ಅದನ್ನೂ ಬರೀರಿ, ಶೌಚಾಲಯಕ್ಕೆ ಹತ್ತಿರದ ಸೀಟು ಹುಡುಕೋಣ. ಪ್ರೀಮಿಯಂ ಎಕಾನಮಿ ಮ್ಯಾಪ್ ಮಾತ್ರ ಕಳಿಸಬೇಡಿ, ನಾನು ತೆರೆಯೋದೂ ಇಲ್ಲ.