ಮೊದಲ ಮನುಷ್ಯನಿಗಿಂತ ಮೊದಲು

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಪೂಜೆಗೆ ಕೂತಾಗ ಆಚಾರ್ರು ಸಂಕಲ್ಪ ಹೇಳಿಸುತ್ತಾರಲ್ವಾ, ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ ಅಂತ ಸರಸರ ಹೇಳಿಕೊಂಡು ಹೋಗುತ್ತಾರೆ, ನಾವು ಅಕ್ಷತೆ ಹಿಡಿದು ಸುಮ್ನೆ ತಲೆ ಆಡಿಸುತ್ತೇವೆ. ಅಷ್ಟರಲ್ಲೇ ಮೊದಲ ಮನುಷ್ಯನ ಹೆಸರು ಬಂದು ಹೋಗಿರುತ್ತದೆ.

ಅವನೇ ವೈವಸ್ವತ ಮನು, ಈಗಿನ ನಮ್ಮೆಲ್ಲರ ಮೂಲಪುರುಷ. ತಮಾಷೆ ಏನೆಂದರೆ, ಪುರಾಣದ ಲೆಕ್ಕದಲ್ಲಿ ಇವನು ಏಳನೆಯವನು. ಒಂದು ಕಲ್ಪಕ್ಕೆ, ಅಂದರೆ ಬ್ರಹ್ಮನ ಒಂದು ಹಗಲಿಗೆ, 14 ಮನುಗಳು. ಮೊದಲನೆಯವನು ಸ್ವಾಯಂಭುವ, ಅವನ ಹೆಂಡತಿ ಶತರೂಪಾ.

ಶತಪಥ ಬ್ರಾಹ್ಮಣ ಅನ್ನುವ ವೈದಿಕ ಗ್ರಂಥದಲ್ಲಿ ಒಂದು ಕಥೆ ಇದೆ. ಬೆಳಿಗ್ಗೆ ಕೈ ತೊಳೆಯಲು ತಂದ ನೀರಿನಲ್ಲಿ ಒಂದು ಪುಟ್ಟ ಮೀನು ವೈವಸ್ವತ ಮನುವಿನ ಕೈಗೆ ಬರುತ್ತದೆ. ನನ್ನನ್ನು ಸಾಕು, ನಾನು ನಿನ್ನನ್ನು ಉಳಿಸುತ್ತೇನೆ ಅನ್ನುತ್ತದೆ. ಅವನು ಮೊದಲು ಕೊಡದಲ್ಲಿ, ಆಮೇಲೆ ಗುಂಡಿಯಲ್ಲಿ ಸಾಕಿ, ಕೊನೆಗೆ ಸಮುದ್ರಕ್ಕೆ ಬಿಡುತ್ತಾನೆ. ಪ್ರಳಯ ಬಂದಾಗ ಅದರ ಕೊಂಬಿಗೆ ದೋಣಿ ಕಟ್ಟಿ ಉತ್ತರದ ಬೆಟ್ಟ ಸೇರುತ್ತಾನೆ. ಎಲ್ಲ ಕೊಚ್ಚಿಹೋಗಿ ಒಬ್ಬನೇ ಉಳಿದಿದ್ದಾನೆ. ಆಗ ಅವನು ನೀರಿಗೆ ತುಪ್ಪ, ಮೊಸರು, ಮಜ್ಜಿಗೆ ಅರ್ಪಿಸುತ್ತಾನೆ, ವರ್ಷ ಕಳೆದ ಮೇಲೆ ಅದರಿಂದ ಇಡಾ ಅನ್ನುವ ಹೆಣ್ಣು ಎದ್ದು ಬರುತ್ತಾಳೆ. ಹಾಗಾದರೆ ಇವನು ಮೊದಲಿಗನೋ, ಉಳಿದುಕೊಂಡವನೋ? ನನಗಂತೂ ಎರಡನೆಯದೇ ಸರಿ ಅನಿಸುತ್ತದೆ. ಇನ್ನು ಇವನ ಅಣ್ಣತಮ್ಮನೇ ಆದ ಯಮ ಸತ್ತವರಲ್ಲಿ ಮೊದಲಿಗ, ಆ ದಾರಿ ಹುಡುಕಿದವನು ಅಂತ ವೇದ ಹೇಳುತ್ತದೆ. ಒಂದೇ ಮನೆಯಲ್ಲಿ ಎರಡು ಮೊದಲು ನೋಡಿ!

ಬೈಬಲ್‌ನ ಆದಾಮ ನಿಮಗೆಲ್ಲ ಗೊತ್ತಿರುವವನೇ. ಮಣ್ಣಿನಿಂದ ರೂಪಿಸಿ ಮೂಗಿಗೆ ಉಸಿರು ಊದಿದ್ದು, ಪಕ್ಕೆಲುಬಿನಿಂದ ಹೆಣ್ಣನ್ನು ಮಾಡಿದ್ದು, 930 ವರ್ಷ ಬದುಕಿದ್ದು. ಆದರೆ ಅದೇ ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯ ಗಂಡು ಹೆಣ್ಣು ಎರಡನ್ನೂ ಒಟ್ಟಿಗೇ ಸೃಷ್ಟಿಸಿದ ಅನ್ನುತ್ತದೆ. ಪಕ್ಕೆಲುಬು ಬರುವುದು ಎರಡನೆಯದರಲ್ಲಿ.

ಹುಬ್ಬಳ್ಳಿಯ ನನ್ನ ಮುಸ್ಲಿಂ ಗೆಳೆಯರು ಹಜರತ್ ಆದಮ್ ಅಂತಲೇ ಹೇಳುವುದು. ಅವರ ಪಾಲಿಗೆ ಆದಮರು ಮೊದಲ ಪ್ರವಾದಿ ಕೂಡ. ಕುರಾನಿನಲ್ಲಿ ಅವರಿಗಿಂತ ಮೊದಲೇ ದೇವದೂತರಿದ್ದಾರೆ, ಅವರಿಗೆ ತಲೆಬಾಗಲು ಒಪ್ಪದ ಇಬ್ಲೀಸನೂ, ಅಂದರೆ ಸೈತಾನನೂ, ಇದ್ದಾನೆ. ಗಂಡ ಹೆಂಡತಿ ಇಬ್ಬರೂ ಸೇರಿ ತಪ್ಪು ಮಾಡುತ್ತಾರೆ, ಇಬ್ಬರೂ ಸೇರಿ ಕ್ಷಮೆ ಕೇಳುತ್ತಾರೆ. ಹೆಂಗಸೊಬ್ಬಳ ಮೇಲೇ ತಪ್ಪು ಹೊರಿಸುವ ಚಾಳಿ ಅಲ್ಲಿಲ್ಲ.

ಜೈನರು ಪ್ರಶ್ನೆಯನ್ನೇ ಒಪ್ಪುವುದಿಲ್ಲ. ಲೋಕಕ್ಕೆ ಆದಿಯೇ ಇಲ್ಲ ಅಂದಮೇಲೆ ಮೊದಲ ಮನುಷ್ಯ ಎಲ್ಲಿಂದ ಬರಬೇಕು? ಕೇಳಿದ್ದನ್ನೆಲ್ಲ ಕೊಡುತ್ತಿದ್ದ ಕಲ್ಪವೃಕ್ಷಗಳ ಬೆಳಕು ಮಂಕಾಗಿ, ಸೂರ್ಯ ಚಂದ್ರರು ಮೊದಲ ಸಲ ಕಣ್ಣಿಗೆ ಬಿದ್ದಾಗ ಜನ ಗಾಬರಿಯಾದರಂತೆ. ಪ್ರತಿಶ್ರುತಿ ಎಂಬ ಕುಲಕರ, ಅಂದರೆ ಜನರಿಗೆ ದಾರಿ ತೋರಿಸುವ ಹಿರಿಯ, ಹೆದರಬೇಡಿ, ಇವು ಯಾವಾಗಲೂ ಇದ್ದವೇ ಅಂತ ತಿಳಿಹೇಳಿದ. ಮುಂದೆ ಒಕ್ಕಲುತನ, ಬರಹ, ವ್ಯಾಪಾರ ಎಲ್ಲ ಕಲಿಸಿದವನು ಮೊದಲ ತೀರ್ಥಂಕರ ಆದಿನಾಥ.

ಇಷ್ಟಾದರೂ 1007ರಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿಯೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಸೃಷ್ಟಿಕರ್ತನೇ ಇಲ್ಲ ಅನ್ನುವವರ ಬಸದಿಯಲ್ಲಿ ಬ್ರಹ್ಮ! ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ, ಬಿಡುವಾದಾಗ ಹೋಗಿ ನೋಡಿ. ನಮಸ್ಕಾರ.