ಜಲ್ಲಿ ರನ್‌ವೇ

ಕೇಳುಗರೆ, ನಮಸ್ಕಾರ.

ಅಮೆರಿಕದ ಅಲಾಸ್ಕಾ ರಾಜ್ಯದ ಕರಾವಳಿಯ ಸಣ್ಣ ಹಳ್ಳಿಗೆ ರಾತ್ರಿ ಹೊತ್ತು ವಿಮಾನ ಬರುತ್ತದೆ ಅಂದುಕೊಳ್ಳಿ. ಕೆಳಗೆ ರನ್‌ವೇ ಕತ್ತಲಲ್ಲಿರುತ್ತದೆ. ಪೈಲಟ್ ರೇಡಿಯೋ ಬಟನ್ನನ್ನು ಐದು ಸೆಕೆಂಡಿನೊಳಗೆ ಏಳು ಸಲ ಒತ್ತಿದರೆ ಸಾಕು, ದೀಪಗಳು ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತವೆ. 15 ನಿಮಿಷ ಉರಿದು ತಾವಾಗಿಯೇ ಆರುತ್ತವೆ. ಸ್ವಿಚ್ ಹಾಕಲು ಯಾರೂ ಕಾದು ಕೂರಬೇಕಿಲ್ಲ.

ಅಲ್ಲಿ ಕಂಟ್ರೋಲ್ ಟವರ್ ಇಲ್ಲ. 'ಇಳಿಯುತ್ತಿದ್ದೇನೆ, ಇಂಥ ಕಡೆಯಿಂದ ಬರುತ್ತಿದ್ದೇನೆ' ಅಂತ ಪೈಲಟ್ಟೇ ರೇಡಿಯೋದಲ್ಲಿ ಹೇಳಿಕೊಂಡು ಇಳಿಯಬೇಕು. ಟಿಕೆಟ್ ಕೌಂಟರ್ ಇರುವ ಕಟ್ಟಡವೂ ಬಹಳ ಕಡೆ ಇರುವುದಿಲ್ಲ. ಜಲ್ಲಿ ಹಾಸಿದ ರನ್‌ವೇ, ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ, ಹಿಮ ತೆಗೆಯುವ ಯಂತ್ರಕ್ಕೊಂದು ಶೆಡ್, ಅಷ್ಟೇ. ಇಂಥವು ಹೆಚ್ಚಾಗಿ ರಾಜ್ಯ ಸರ್ಕಾರದವು. ಸರ್ಕಾರದ ಕೈಯಲ್ಲಿ 230ಕ್ಕೂ ಜಾಸ್ತಿ ವಿಮಾನ ನಿಲ್ದಾಣಗಳಿವೆ.

ಇಷ್ಟೊಂದು ಯಾಕೆ? ಈ ಹಳ್ಳಿಗಳಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಬೇಸಿಗೆಯಲ್ಲಿ ಬಾರ್ಜ್, ಅಂದರೆ ಸರಕು ಹೊರುವ ಚಪ್ಪಟೆ ದೋಣಿ, ಬರಬಹುದು, ಸಮುದ್ರ ಹೆಪ್ಪುಗಟ್ಟಿದ ಮೇಲೆ ಅದೂ ಇಲ್ಲ. ಹಾಗಾಗಿ ಅಕ್ಕಿ, ಹಾಲಿನ ಪುಡಿ, ಡೈಪರ್, ಔಷಧಿ, ಹೆರಿಗೆಗೆ ಹೊರಟ ಹೆಂಗಸು, ಎಲ್ಲಕ್ಕೂ ಒಂದೇ ದಾರಿ, ಆ ರನ್‌ವೇ.

ಇಲ್ಲಿ ನನಗೆ ಬಹಳ ಹಿಡಿಸಿದ ಏರ್ಪಾಡೊಂದಿದೆ. ಅದನ್ನು 'ಬೈಪಾಸ್ ಮೇಲ್' ಅನ್ನುತ್ತಾರೆ. ಅಂಗಡಿಗೆ ಬೇಕಾದ ದಿನಸಿ ಅಂಚೆಯ ಲೆಕ್ಕದಲ್ಲೇ ಹೋಗುತ್ತದೆ, ಆದರೆ ಅಂಚೆ ಕಚೇರಿಯೊಳಗೆ ಕಾಲಿಡುವುದೇ ಇಲ್ಲ! ಮಾರುವವರು ಸರಕನ್ನು ನೇರವಾಗಿ ವಿಮಾನದವರಿಗೆ ಒಪ್ಪಿಸುತ್ತಾರೆ. ಒಂದು ಆರ್ಡರ್ ಕನಿಷ್ಠ 1,000 ಪೌಂಡ್, ಅಂದರೆ ಸುಮಾರು 450 ಕಿಲೋ ಇರಬೇಕು. ವಿಮಾನದವರಿಗೆ ಹಣ ಕೊಡುವುದು ಅಂಚೆ ಇಲಾಖೆ. ಅದಕ್ಕೆ ಇದರಲ್ಲಿ ನಷ್ಟವೇ. ಸುಮ್ನೆ ದುಂದು ಅನ್ನುವವರಿದ್ದಾರೆ. ರಸ್ತೆ ಹಾಕಿಸಿಕೊಡದ ಸರ್ಕಾರ ಇಷ್ಟಾದರೂ ಮಾಡಬೇಡವೇ ಅಂತ ನನಗನ್ನಿಸುತ್ತದೆ.

ಮಂಜು ಕವಿದರೆ ಮಾತ್ರ ಯಾವ ಏರ್ಪಾಡೂ ನಡೆಯುವುದಿಲ್ಲ. ಆಕಾಶ ತಿಳಿಯಾಗುವವರೆಗೆ ಕಾಯಬೇಕು.

ಈಗ ನೆಲವೂ ಕೈಕೊಡುತ್ತಿದೆ. ಬೇರಿಂಗ್ ಸಮುದ್ರಕ್ಕೆ ಹತ್ತಿರದ ನ್ಯೂಟಾಕ್ ಎಂಬ ಹಳ್ಳಿಯಲ್ಲಿ ಹೆಪ್ಪುಗಟ್ಟಿದ್ದ ಮಣ್ಣು ಕರಗಿತು, ನದಿ ದಂಡೆಯನ್ನು ಕೊರೆಯಿತು. 2019ರಲ್ಲಿ ಜನ ನದಿಯಾಚೆಯ ಮೆರ್ಟಾರ್ವಿಕ್‌ಗೆ ಹೋಗತೊಡಗಿದರು. ಅಲ್ಲಿ ಮನೆ ಕಟ್ಟಿಕೊಂಡರಷ್ಟೇ ಸಾಲದು, ವಿಮಾನ ಇಳಿಯಲು ಗಟ್ಟಿ ನೆಲವನ್ನೂ ಹೊಸದಾಗಿ ಮಾಡಿಕೊಳ್ಳಬೇಕಾಯಿತು.