ನಾಯಿಯ ಚರ್ಮದ ಉರಿಯೂತ: ಚುಚ್ಚುಮದ್ದಿಗಿಂತ ಮೊದಲು ಕಾರಣ ತಿಳಿಯೋಣ

ಸಭಿಕರೇ,

ಮಳೆಗಾಲ ಹಿಡಿಯಿತೆಂದರೆ ಪಶು ಆಸ್ಪತ್ರೆಗಳಲ್ಲಿ ಮೈ ಕೆರೆದುಕೊಳ್ಳುವ, ಪಾದಗಳನ್ನು ನೆಕ್ಕಿ ನೆಕ್ಕಿ ಕೆಂಪಾಗಿಸಿಕೊಂಡ, ಬಾಲದ ಬುಡದಲ್ಲಿ ಕೂದಲುದುರಿದ ನಾಯಿಗಳ ಸಾಲು ಬೆಳೆಯುತ್ತದೆ. ಬಹುಪಾಲು ಮಾಲೀಕರು ಕೇಳುವುದು ತುರಿಕೆ ತಕ್ಷಣ ನಿಲ್ಲುವಂಥ ಇಂಜೆಕ್ಷನ್ನನ್ನು. ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಚುಚ್ಚಿದರೆ ತುರಿಕೆ ನಿಲ್ಲುವುದೇನೋ ನಿಜ. ಆದರೆ ಮೂಲಕಾರಣ ಹಾಗೆಯೇ ಉಳಿದು, ಕೆಲವೇ ವಾರಗಳಲ್ಲಿ ತುರಿಕೆ ಮರಳುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ.

ನಾಯಿಯ ಹೊರಚರ್ಮ ನಮ್ಮದಕ್ಕಿಂತ ಬಹಳ ತೆಳು. ನಮ್ಮ ಹೊರಚರ್ಮದಲ್ಲಿ ಸುಮಾರು 10ರಿಂದ 15 ಪದರ ಜೀವಕೋಶಗಳಿದ್ದರೆ ಅದರಲ್ಲಿ 3ರಿಂದ 5 ಮಾತ್ರ. ನಮ್ಮ ಚರ್ಮದಷ್ಟು ಆಮ್ಲೀಯವೂ ಅದಲ್ಲ. ಆದ್ದರಿಂದ ನಾವು ಬಳಸುವ ಸೋಪು, ಶಾಂಪೂ ಅದಕ್ಕೆ ಒಗ್ಗುವುದಿಲ್ಲ.

ತುರಿಕೆ ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಸೊಂಟ ಮತ್ತು ಬಾಲದ ಬುಡದಲ್ಲಿದ್ದರೆ ಚಿಗಟದ ಮೇಲೆ ಅನುಮಾನ. ಅದರ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು. ಚಿಗಟ ಕಣ್ಣಿಗೆ ಬೀಳಲಿಲ್ಲವೆಂದು ಸುಮ್ಮನಾಗಬೇಡಿ. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ನಾಯಿಯ ಕೂದಲು ಬಾಚಿ. ಉದುರಿದ ಕಪ್ಪು ಕಣಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಮೊಟ್ಟೆ, ಮರಿಗಳು ಚಾಪೆಯಲ್ಲಿ, ನೆಲದ ಬಿರುಕಿನಲ್ಲಿ ಇರುವುದರಿಂದ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು, ಮನೆಯ ಎಲ್ಲ ಪ್ರಾಣಿಗಳಿಗೂ ಕನಿಷ್ಠ ಮೂರು ತಿಂಗಳು ಔಷಧ ಮುಂದುವರಿಸಬೇಕಾಗುತ್ತದೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಚಿಗಟನಾಶಕ ಮಾತ್ರ ಬೆಕ್ಕಿಗೆ ವಿಷ, ನೆನಪಿರಲಿ.

ಕಿವಿಯ ಅಂಚು, ಮೊಣಕೈಗಳಲ್ಲಿ ಹೊಟ್ಟು ಕಟ್ಟಿದ್ದರೆ ಅದು ಸಾರ್ಕಾಪ್ಟಿಸ್ ಹುಳದ ಕಜ್ಜಿ ಇರಬಹುದು. ಮನೆಯವರಿಗೂ ತುರಿಕೆ ಹತ್ತುತ್ತದೆ. ಡೆಮೊಡೆಕ್ಸ್ ಎಂಬ ಇನ್ನೊಂದು ಹುಳ ಹಾಗೆ ಅಂಟುವುದಿಲ್ಲ. ಅದು ರೋಮದ ಬುಡದೊಳಗೆ ಇರುವುದರಿಂದ ವೈದ್ಯರು ಚರ್ಮವನ್ನು ಚಿವುಟಿ ಹಿಡಿದು, ಸ್ವಲ್ಪ ರಕ್ತ ಜಿನುಗುವವರೆಗೆ ಬ್ಲೇಡಿನಿಂದ ಕೆರೆದು, ಎಣ್ಣೆ ಬಿಟ್ಟ ಗಾಜಿನ ಸ್ಲೈಡಿನ ಮೇಲೆ ನೋಡುತ್ತಾರೆ. ಉದ್ದ ದೇಹದ, ಮುಂಭಾಗದಲ್ಲಿ ಮೋಟು ಕಾಲುಗಳಿರುವ ಆ ಹುಳ ಕಂಡರೆ ಸ್ಟೆರಾಯ್ಡ್ ಕೊಡಲೇಬಾರದು, ಏಕೆಂದರೆ ರೋಗನಿರೋಧಕ ಶಕ್ತಿ ಕುಗ್ಗಿದಷ್ಟೂ ಅದು ಹೆಚ್ಚುತ್ತದೆ. ಅಷ್ಟು ಮಟ್ಟಿನ ಪರೀಕ್ಷೆಯನ್ನೂ ಬಿಟ್ಟು ಚುಚ್ಚುಮದ್ದು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಇಂದು ಅಫಾಕ್ಸೊಲಾನರ್, ಫ್ಲುರಾಲಾನರ್‌ನಂಥ ಮಾತ್ರೆಗಳು ಎರಡೂ ಬಗೆಯ ಹುಳಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. ಫಿಟ್ಸ್ ಬಂದಿರುವ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ. ಹೀಗಿದ್ದೂ ಸೀಮೆಎಣ್ಣೆ, ಇಂಜಿನ್ ಆಯಿಲ್ ಬಳಿದು, ಚರ್ಮ ಸುಟ್ಟು, ಅದನ್ನೇ ನೆಕ್ಕಿ ನರಳುವ ನಾಯಿಗಳನ್ನು ಕಂಡಾಗ ಸಂಕಟವಾಗುತ್ತದೆ.

ಕೆರೆದ ಜಾಗಕ್ಕೆ ಬ್ಯಾಕ್ಟೀರಿಯಾ, ಮಲಸೀಝಿಯಾ ಎಂಬ ಯೀಸ್ಟ್ ಸೇರಿಕೊಳ್ಳುತ್ತವೆ. ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕವಿರುವ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದರೆ ಎಷ್ಟೋ ಸಂದರ್ಭಗಳಲ್ಲಿ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಗೋಲ್ಡನ್ ರಿಟ್ರೀವರ್‌ನಂಥ ದಟ್ಟ ಕೂದಲಿನ ತಳಿಗಳಲ್ಲಿ ರಾತ್ರಿ ಬೆಳಗಾಗುವುದರೊಳಗೆ ಹಸಿ ಹುಣ್ಣು ಏಳುವುದುಂಟು. ಅಲ್ಲಿ ಸುತ್ತಲಿನ ಕೂದಲು ಕತ್ತರಿಸಿ ಗಾಳಿಯಾಡುವಂತೆ ಮಾಡುವುದೇ ಮೊದಲ ಚಿಕಿತ್ಸೆ.

ಇವೆಲ್ಲ ಸರಿಹೋದ ಮೇಲೂ ತುರಿಕೆ ಉಳಿದರೆ ಆಹಾರದ ಅಲರ್ಜಿಯನ್ನೂ, ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆದೋರುವ ಅಟೋಪಿಯನ್ನೂ (ಧೂಳು, ಪರಾಗದಂಥ ಪರಿಸರದ ವಸ್ತುಗಳಿಗೆ ಬರುವ ಚರ್ಮದ ಅಲರ್ಜಿ) ಯೋಚಿಸಬೇಕು. ಆಹಾರ ಪರೀಕ್ಷೆಗೆ ಎಂಟು ವಾರ ವೈದ್ಯರು ಹೇಳಿದ್ದನ್ನು ಬಿಟ್ಟು ಏನನ್ನೂ ಕೊಡುವಂತಿಲ್ಲ. ಮಕ್ಕಳು ಪ್ರೀತಿಯಿಂದ ಕೊಟ್ಟ ಒಂದು ಬಿಸ್ಕತ್ತೂ ಪರೀಕ್ಷೆಯನ್ನು ಕೆಡಿಸಬಹುದು. ಅಟೋಪಿ ವಾಸಿಯಾಗುವಂಥದ್ದಲ್ಲ, ಹತೋಟಿಯಲ್ಲಿಡುವಂಥದ್ದು. ತುರಿಕೆ ತಗ್ಗಿಸುವ ಆಕ್ಲಾಸಿಟಿನಿಬ್ ಮಾತ್ರೆ, ಲೋಕಿವೆಟ್‌ಮ್ಯಾಬ್ ಇಂಜೆಕ್ಷನ್ ಇದ್ದರೂ ದುಬಾರಿ. ಹಾಗಾಗಿ ಸ್ಟೆರಾಯ್ಡ್‌ಗೂ ಇಲ್ಲಿ ನ್ಯಾಯವಾದ ಸ್ಥಾನವಿದೆ. ಆದರೆ ಕಡಿಮೆ ದಿನಗಳಿಗೆ, ವೈದ್ಯರ ಉಸ್ತುವಾರಿಯಲ್ಲಿ. ದೀರ್ಘಕಾಲ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸದೆ ಹಂತಹಂತವಾಗಿ ಇಳಿಸಬೇಕು. ಹೊಸ ವೈದ್ಯರ ಬಳಿ ಹೋಗುವಾಗ ಹಳೆಯ ಚೀಟಿಗಳನ್ನು ಒಯ್ಯಿರಿ: ಕೊನೆಯ ಸ್ಟೆರಾಯ್ಡ್ ಯಾವಾಗ ಕೊಟ್ಟಿದ್ದೆಂದು ತಿಳಿದರೆ ಮಾತ್ರ ಅವರು ಈಗಿನ ತುರಿಕೆಯನ್ನು ಸರಿಯಾಗಿ ಅಳೆಯಬಲ್ಲರು.